ಮಲಾಡಿನ ಸಾಹುಕಾರರ ಮುತ್ಯಾನನ್ನು ಹುಡುಕಿದ್ದು

ಸಿಪಾಯಿಗಳ ದಂಗೆಗೆ ನೂರು ವರ್ಷ ತುಂಬಲು ಇನ್ನೂ ಕೆಲವು ತಿಂಗಳಿದ್ದವು. ಅಷ್ಟರಲ್ಲೇ ಮುಂಬಯಿಯ ಮನೆಮನೆಯಲ್ಲೂ ಒಬ್ಬೊಬ್ಬ ಬಂಡುಕೋರ ಅಜ್ಜ ಹುಟ್ಟಿಕೊಳ್ಳತೊಡಗಿದ್ದ. ಹತ್ತು ವರ್ಷದ ಹಿಂದೆ ಗೋರಾ ಸಾಹೇಬರು ಕೊಟ್ಟ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದವರೇ ಈಗ ಅದನ್ನು ಇಳಿಸಿ, ಆ ಮೊಳೆಗೆ ಯಾರನ್ನು ತೂಗುಹಾಕೋಣ ಎಂದು ಹುಡುಕುತ್ತಿದ್ದರು. ನಾನು ಕೋಟೆ ಭಾಗದ ಒಂದು ಹಳೆಯ ಕಾಗದಪತ್ರಗಳ ದಫ್ತರದಲ್ಲಿ ನಕಲು ಮಾಡುವ ಕಾರಕೂನ. ಹಳೆಯ ಇಂಗ್ಲಿಷ್ ಕೈಬರಹ, ಮರಾಠಿಯ ಹಳೆಯ ಮೋಡಿ ಲಿಪಿ ಎರಡನ್ನೂ ಓದಬಲ್ಲೆ ಎಂಬ ಒಂದೇ ತಪ್ಪಿಗೆ ಇಂಥವರೆಲ್ಲ ನನ್ನ ಮೇಜಿನ ಮುಂದೆ ಬಂದು ಕೂರುತ್ತಿದ್ದರು.

ಅವರಲ್ಲಿ ಒಬ್ಬರು ಮಲಾಡಿನ ಬಟ್ಟೆ ವ್ಯಾಪಾರಿ. ಬೆಳಗಾವಿ ಕಡೆಯವರು, ತಮ್ಮ ಜನರ ಸಂಘಕ್ಕೆ ಅಧ್ಯಕ್ಷರು. ಸಂಘದಿಂದ ಒಂದು ಪುಸ್ತಿಕೆ ಬರುವುದಿತ್ತು. ಅದರ ಮೊದಲ ಪುಟದಲ್ಲಿ ತಮ್ಮ ಮುತ್ಯಾನ, ಎಂದರೆ ಮುತ್ತಜ್ಜನ, ಜೀವನಚರಿತ್ರೆ, ಎರಡನೆಯದರಲ್ಲಿ ವಂಶವೃಕ್ಷ, ಅದರ ತುದಿಯಲ್ಲಿ ಹಣ್ಣಿನ ಹಾಗೆ ತಾವು. ಇಷ್ಟು ಅವರ ಯೋಜನೆ.

"ನಮ್ಮ ಮುತ್ಯಾ ಸುಭೇದಾರ ಇದ್ದಾ ರೀ ಸಾಹೇಬ್ರ. ಐವತ್ತೇಳರಾಗ ಗೋರಾ ಸಾಹೇಬನ ಎದಿಗೆ ಗುಂಡ ಹಾಕಿ ಫಾಶಿ ಏರಿದಾ. ಅದಕ್ಕೊಂದು ಸರಕಾರಿ ಕಾಗದ ಬೇಕ್ರಿ, ಬಸ್."

"ಯಾವ ಪಲಟಣದಾಗ ಇದ್ರು?"

"ಅದನ್ನ ನೀವು ಹುಡಕಬೇಕ್ರಿ. ನಾ ಹೇಳೂದಾದ್ರ ನೀವ್ಯಾಕ ಬೇಕು?"

ನನಗೆ ಆಗಲೇ ಎದ್ದು ಹೋಗಬೇಕೆನಿಸಿತು. ಆದರೆ ಸಾಹುಕಾರರನ್ನು ಕರೆತಂದವರು ನನ್ನ ಮೇಲಧಿಕಾರಿ. ಊಟದ ಹೊತ್ತಿನಲ್ಲಿ, ರವಿವಾರಗಳಲ್ಲಿ ನೋಡಿಕೊಡಿ ಎಂದು ಅವರೇ ಹೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಬೇಕಾಯಿತು. ಹೊರಡುವಾಗ ಸಾಹುಕಾರರು ದನಿ ತಗ್ಗಿಸಿದರು.

"ಸಯನ್‌ದಾಗ ಒಬ್ಬಾಕಿ ಮುದುಕಿ ಅದಾಳ. ಆ ಸುಭೇದಾರನ ಮೊಮ್ಮಗಳು ನಾ ಅಂತ ಹೇಳ್ಕೋತ ತಿರಗತಾಳ. ಪಲಟಣದ ಮಂದಿ ಇರೂ ಲೈನಿನಾಗ ಅಂವ ಯಾರ್ನೋ ಇಟಗೊಂಡಿದ್ನಂತ. ಆಕಿ ಕಡೆ ಮಾತ್ರ ಹೋಗಬ್ಯಾಡ್ರಿ."

ಹೋಗಬೇಡಿ ಎಂದ ಕಡೆಯಲ್ಲೇ ಹುಡುಕಬೇಕು ಎಂದು ಈ ಕೆಲಸದಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಆದರೆ ಕೆಲಸಕ್ಕೊಂದು ಕ್ರಮವಿದೆ. ಮೊದಲು ಮನೆಯಲ್ಲಿ ಏನಿದೆ ಎಂದು ನೋಡಬೇಕು. ಸಾಹುಕಾರರ ಮನೆಯಲ್ಲಿ ಸಿಪಾಯಿಯ ಬೆಳ್ಳಿಯ ಬಿಲ್ಲೆಯೊಂದು ಇದೆ ಎಂದಾಗ ನನಗೆ ನಿಜಕ್ಕೂ ಖುಷಿಯಾಯಿತು. ಯುದ್ಧಕ್ಕೆ ಹೋಗಿಬಂದ ಸಿಪಾಯಿಗೆ ಸರಕಾರ ಕೊಡುತ್ತಿದ್ದ ಬಿಲ್ಲೆಯ ಅಂಚಿನ ಸುತ್ತ ಅವನ ಹೆಸರು, ಪಲಟಣದ ನಂಬರು ಕೊರೆದಿರುತ್ತಿತ್ತು. ಅದೊಂದು ಸಿಕ್ಕರೆ ಆರು ತಿಂಗಳ ಕೆಲಸ ಆರು ದಿನಕ್ಕೆ ಮುಗಿಯುತ್ತದೆ.

ರವಿವಾರ ಭೂತಗನ್ನಡಿ ಹಿಡಿದುಕೊಂಡು ಮಲಾಡಿಗೆ ಹೋದೆ. ಸಾಹುಕಾರರ ಹೆಂಡತಿ ತಲೆ ತುಂಬ ಸೆರಗು ಹೊದ್ದು, ತಟ್ಟೆಯಲ್ಲಿ ಅರಿಷಿಣ ಕುಂಕುಮ ಹಚ್ಚಿದ ಬೆಳ್ಳಿ ತಗಡೊಂದನ್ನು ತಂದಿಟ್ಟರು. ಸತ್ತ ಹಿರಿಯರ ರೂಪವನ್ನು ಹೀಗೆ ತಗಡಿನಲ್ಲಿ ಒತ್ತಿಸಿ ದೇವರ ಜಗಲಿಯ ಮೇಲಿಟ್ಟು ಪೂಜಿಸುವುದು ನಮ್ಮ ಕಡೆಯ ರೂಢಿ. ಅದಕ್ಕೆ ಟಾಕು ಎನ್ನುತ್ತಾರೆ. ಇದರಲ್ಲಿ ಕುದುರೆ ಏರಿ ಕತ್ತಿ ಹಿರಿದ ಒಬ್ಬ ಮೀಸೆಯವನಿದ್ದ.

"ಟಾಕು ಆಮ್ಯಾಲ ನೋಡೂಣು. ಬಿಲ್ಲೆ ತೋರಸ್ರಿ," ಎಂದೆ.

"ಇದ ಬಿಲ್ಲೆ ರೀ. ನಮ್ಮಪ್ಪ ಅದನ್ನ ಪತ್ತಾರನ ಕಡೆ ಕೊಟ್ಟು ಕರಗಿಸಿ ಇದನ್ನ ಮಾಡಿಸ್ಯಾನ. ಹೊರಗಿನ ಬೆಳ್ಳಿ ಒಂದ ಗುಂಜಿನೂ ಕೂಡಿಸಿಲ್ಲ. ಅಸಲಿ ಮುತ್ಯಾನ ಬೆಳ್ಳಿ!"

ನಾನು ಭೂತಗನ್ನಡಿಯನ್ನು ಜೇಬಿಗಿಟ್ಟುಕೊಂಡೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂದು ಕೇಳಿದ್ದೆ. ಇವರು ಅಜ್ಜನನ್ನೇ ಕರಗಿಸಿ ಅಜ್ಜನನ್ನು ಮಾಡಿದ್ದರು. ಆ ಮನುಷ್ಯ ಈ ಲೋಕದಲ್ಲಿದ್ದನೆಂಬುದಕ್ಕೆ ಮನೆಯಲ್ಲಿದ್ದ ಒಂದೇ ಒಂದು ಪುರಾವೆಯನ್ನು ಬೆಂಕಿಗೆ ಹಾಕಿ, ಅದಕ್ಕೇ ಐವತ್ತು ವರ್ಷ ಊದುಬತ್ತಿ ಬೆಳಗಿದ ಭಕ್ತಿಗೆ ಏನು ಹೇಳುವುದು? ಸಿಪಾಯಿಗೆ ಕುದುರೆ ಎಲ್ಲಿಯದು ಎಂದು ಕೇಳಿದೆ. ಪತ್ತಾರನ ಹತ್ತಿರ ಆ ಅಚ್ಚೇ ಇತ್ತಂತೆ.

ಹೀಗಾಗಿ ಪಲಟಣದ ನಂಬರಿಲ್ಲದೆ ಹಾಜರಿ ಪಟ್ಟಿಗಳ ರಾಶಿಗೆ ಇಳಿಯಬೇಕಾಯಿತು. ನಮ್ಮಲ್ಲಿ ಒಂದು ಸಲಕ್ಕೆ ಒಂದೇ ಕಟ್ಟು ಕೊಡುತ್ತಿದ್ದರು. ಚೀಟಿ ಬರೆದು ಕೊಡಬೇಕು, ಜವಾನ ಬೀಡಿ ಸೇದಿ ಮುಗಿಸುವವರೆಗೆ ಕಾಯಬೇಕು. ಪೆನ್ಸಿಲ್ ಬಿಟ್ಟು ಬೇರೇನನ್ನೂ ಹಿಡಿಯುವಂತಿಲ್ಲ. ಪಟ್ಟಿಯಲ್ಲಿ ಸಿಪಾಯಿಯ ಹೆಸರು, ಅಪ್ಪನ ಹೆಸರು, ಊರು, ವಯಸ್ಸು, ಎತ್ತರ, ಮೈಮೇಲಿನ ಗುರುತು ಇರುತ್ತವೆ. ಮನೆತನದ ಅಡ್ಡಹೆಸರು ಇರುವುದಿಲ್ಲ. ಸಾಹುಕಾರರು ಹೆಮ್ಮೆಯಿಂದ ಬರೆದುಕೊಟ್ಟ ಅಡ್ಡಹೆಸರು ಅವರ ಅಂಗಡಿಯ ಬೋರ್ಡಿಗಷ್ಟೇ ಲಾಯಕ್ಕು. ಉಳಿದದ್ದು ಸಿಪಾಯಿಯ ಹೆಸರು, ಅವನಪ್ಪನ ಹೆಸರು, ಊರು. ಆ ಹೆಸರಿನವರು ಒಂದೊಂದು ಕಟ್ಟಿನಲ್ಲೂ ಆರೆಂಟು ಜನ ಇದ್ದರು.

ಎರಡನೆಯ ತಿಂಗಳಲ್ಲಿ ಅದೇ ಹೆಸರಿನ, ಅದೇ ಊರಿನ ಒಬ್ಬ ಸಿಕ್ಕಿದ. ದಂಗೆಯ ವರ್ಷದ ಪಟ್ಟಿಯಲ್ಲಿ ಅವನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು. ಅಪ್ಪನ ಹೆಸರಿನ ಜಾಗವನ್ನು ಗೆದ್ದಲು ತಿಂದಿತ್ತು. ಇಲ್ಲಿ ನನ್ನ ಮೂರ್ಖತನವನ್ನು ಮುಚ್ಚಿಡಬಾರದು. ಆಸ್ಪತ್ರೆಯ ಪಟ್ಟಿ ನೋಡುವ ಮೊದಲೇ, ಫಾಶಿಯಾದವನು ಇವನೇ ಎಂದು ನಾನು ಮಲಾಡಿಗೆ ಫೋನು ಮಾಡಿಬಿಟ್ಟೆ. ಸಾಹುಕಾರರು ಅಂದೇ ಒಬ್ಬ ಚಿತ್ರಕಾರನನ್ನು ಹಿಡಿದು ಗಲ್ಲುಗಂಬದ ಚಿತ್ರ ಬರೆಸಿದರು. ಹದಿನೈದು ದಿನದ ಮೇಲೆ ಆಸ್ಪತ್ರೆಯ ಪಟ್ಟಿ ಕೈಗೆ ಬಂತು. ಆ ಹುಡುಗ ಸತ್ತದ್ದು ವಾಂತಿಭೇದಿಯಿಂದ, ಅವನ ಅಪ್ಪನ ಹೆಸರೂ ಬೇರೆ.

ತಿಳಿಸಿದರೆ ಸಾಹುಕಾರರಿಗೆ ಏನೂ ಅನ್ನಿಸಲಿಲ್ಲ. "ಚಿತ್ರ ಭಾಳ ಚಲೋ ಬಂದೈತ್ರಿ. ಅಂವನ ಇರ್ಲಿ ಬಿಡ್ರಿ. ನೂರು ವರ್ಷ ಆತು, ಕೇಳಾವರು ಯಾರು?" ಎಂದರು.

"ನಾ ಕೇಳಾಂವ," ಎಂದು ಫೋನು ಇಟ್ಟೆ. ಬೇರೆಯವರ ಮನೆಯ ಹೆಣವನ್ನು ತಂದು ತಮ್ಮ ಅಂಗಳದಲ್ಲಿ ಮೆರೆಸುವವರ ಮೇಲೆ ಅಂದು ನನಗೆ ಹುಟ್ಟಿದ ಹೇಸಿಗೆ ಈಗಲೂ ಪೂರ್ತಿ ಹೋಗಿಲ್ಲ. ಮರುದಿನ ಸಂಜೆ ದಫ್ತರ ಬಿಟ್ಟವನೇ ಸಯನ್‌ಗೆ ಹೋದೆ.

ಸ್ಟೇಷನ್ನಿನ ಹಿಂದಿನ ಚಾಳಿನಲ್ಲಿ ಎರಡನೆಯ ಮಾಳಿಗೆಯ ಕಡೆಯ ಖೋಲಿ. ಬಾಗಿಲು ತೆರೆದವಳು ಇಪ್ಪತ್ತರ ಹುಡುಗಿ, ಅಜ್ಜಿಯ ಮೊಮ್ಮಗಳು, ತಾಯಿಯಿಲ್ಲದವಳು. "ಆಜಿ, ಕೋಯಿ ಆಯಾ ಹೈ. ದಫ್ತರ್‌ದಿಂದ ಬಂದಾರ... ಅಂತೆ," ಎಂದು ಹರಕುಮುರುಕಾಗಿ ಒಳಗೆ ಕೂಗಿದಳು. ಎಪ್ಪತ್ತು ದಾಟಿದ ಅಜ್ಜಿ ಅಕ್ಕಿ ಆರಿಸುತ್ತಿದ್ದರು. ಮಲಾಡಿನವರ ಹೆಸರು ಹೇಳಿದ ಕೂಡಲೇ ಮೊರ ಪಕ್ಕಕ್ಕಿಟ್ಟರು.

"ಅಂವ ಕಳಿಸ್ಯಾನ?"

"ಇಲ್ರಿ. ಹೋಗಬ್ಯಾಡ ಅಂದಾನ. ಅದಕ್ಕ ಬಂದೀನಿ."

ಅಜ್ಜಿ ನಕ್ಕರು. ಆಮೇಲೆ, ನಾನು ಕೇಳದಿದ್ದರೂ, ತಮಗೆ ಬೇಕಾದದ್ದು ಏನೆಂದು ಹೇಳಿಬಿಟ್ಟರು. "ನನಗ ಅವರ ಆಸ್ತಿ ಬ್ಯಾಡಪಾ, ಪುಸ್ತಕದಾಗ ಹೆಸರೂ ಬ್ಯಾಡ. ನಮ್ಮವ್ವ ಆ ಸಿಪಾಯಿ ಮಗಳು. ಆಕಿ ಲಗ್ನದಾಗ ತವರಮನಿಯಾವರು ಯಾರೂ ಬಂದು ಉಡಿ ತುಂಬಲಿಲ್ಲ. ಇಟಗೊಂಡಾಕಿ ಮಗಳಿಗೆ ಎಂಥಾ ಉಡಿ ಅಂದ್ರಂತ. ನನ್ನ ಲಗ್ನದಾಗೂ ಇಲ್ಲ, ನನ್ನ ಮಗಳ ಲಗ್ನದಾಗೂ ಇಲ್ಲ. ತವರಿಲ್ಲದ ಹೆಣಮಕ್ಕಳು ಅನಿಸ್ಕೊಂಡು ಮೂರು ತಲಿ ಬಾಳೇವಿ. ಮುಂದಿನ ತಿಂಗಳು ಈಕೀದು ಲಗ್ನ. ಆ ಮನಿಯಿಂದ ಒಬ್ಬಾಕಿ ಮುತ್ತೈದಿ ಬಂದು ಈಕಿ ಉಡಿಯಾಗ ಐದು ಬೊಗಸಿ ಅಕ್ಕಿ, ಒಂದು ಕಾಯಿ, ಒಂದು ಕುಬಸದ ಖಣ ಹಾಕಿ ಹೋದ್ರ ಸಾಕು. ನಾ ಕಣ್ಣ ಮುಚ್ಚತೀನಿ."

ಸಿಪಾಯಿಯ ಬಗ್ಗೆ ಏನು ಗೊತ್ತು ಎಂದೆ. ಹೆಚ್ಚೇನೂ ಗೊತ್ತಿರಲಿಲ್ಲ. ಆದರೆ ಗೊತ್ತಿದ್ದ ಒಂದು ಮಾತು ಸಾಹುಕಾರರ ಇಡೀ ಪುಸ್ತಿಕೆಗಿಂತ ಬೆಲೆಯುಳ್ಳದ್ದು. "ಹಡಗ ಹತ್ತಿ ಇರಾಣಕ್ಕ ಹೋಗಿದ್ನಂತ. ಬುಶೀರ ಅಂತ ಊರು. ಅಲ್ಲಿ ಖರ್ಜೂರ ತಿಂದು ತಿಂದು ಹೊಟ್ಟಿ ಕೆಟ್ಟು ದವಾಖಾನ್ಯಾಗ ಬಿದ್ದಿದ್ನಂತ. ನಮ್ಮಜ್ಜಿ ಸಾಯೂತನಕ ಖರ್ಜೂರ ಮನ್ಯಾಗ ತರಗೊಡಲಿಲ್ಲ."

ಯಾರೂ ತಮ್ಮ ಅಜ್ಜನ ಹೊಟ್ಟೆ ಕೆಟ್ಟ ಕತೆಯನ್ನು ಹೆಮ್ಮೆಗಾಗಿ ಕಟ್ಟುವುದಿಲ್ಲ. ಅದಕ್ಕೇ ನಾನದನ್ನು ನಂಬಿದೆ. ಮುಂಬಯಿ ಸೇನೆಯಿಂದ ಇರಾನಿನ ಯುದ್ಧಕ್ಕೆ ಹೋದ ಪಲಟಣಗಳು ಬೆರಳೆಣಿಕೆಯಷ್ಟು. ರಾಶಿ ಇದ್ದದ್ದು ಒಂದು ಮೂಲೆಗೆ ಬಂತು. ಮೂರು ವಾರದಲ್ಲಿ, ಐದನೆಯ ಕಟ್ಟಿನಲ್ಲಿ, ಸಾಹುಕಾರರ ಮುತ್ಯಾ ಸಿಕ್ಕಿದ. ಅವನ ಹೆಸರು, ಅಪ್ಪನ ಹೆಸರು, ಊರು ಮೂರೂ ಸರಿಯಿದ್ದವು. ಎತ್ತರ ಐದಡಿ ಮೂರಂಗುಲ. ಮುಖದಲ್ಲಿ ಮೈಲಿಬೇನೆಯ ಕಲೆ. ಅವನು ಸುಭೇದಾರನೂ ಅಲ್ಲ, ಹವಾಲ್ದಾರನೂ ಅಲ್ಲ. ಹೋಗಿ ಹೋಗಿ ಹವಾಲ್ದಾರನ ಕೆಳಗಿನ ನಾಯಕ ಆದ, ಅಲ್ಲಿಗೇ ನಿಂತ. ದಂಗೆ ಎದ್ದ ಬೇಸಿಗೆಯಲ್ಲಿ ಅವನು ಬುಶೀರದ ಆಸ್ಪತ್ರೆಯಲ್ಲಿ ಮಲಗಿದ್ದ. ರೋಗ ಹೊಟ್ಟೆಯದು. ವಾಪಸು ಬಂದ ಮೇಲೂ ಸರಕಾರದ ಚಾಕರಿಯನ್ನೇ ಮಾಡಿ, "ನಡತೆ ಒಳ್ಳೆಯದು" ಎಂದು ಬರೆಸಿಕೊಂಡು, ಮುಂಬಯಿಯಲ್ಲೇ ಪಿಂಚಣಿ ಉಂಡು ಸತ್ತ.

ಅದೇ ಕಟ್ಟಿನ ಕೊನೆಯಲ್ಲಿ ಇನ್ನೊಂದು ಪಟ್ಟಿಯಿತ್ತು. ಹಡಗು ಹತ್ತುವ ಮುಂಚೆ ಪ್ರತಿಯೊಬ್ಬ ಸಿಪಾಯಿಯೂ ಕಾರಕೂನನ ಮುಂದೆ ನಿಂತು, ತಾನಿಲ್ಲದಾಗ ಮನೆಖರ್ಚು ಯಾರಿಗೆ ಮುಟ್ಟಬೇಕೆಂದು ಬಾಯಿಬಿಟ್ಟು ಹೇಳಿ ಬರೆಸಬೇಕಿತ್ತು. ನಮ್ಮವನು ಬರೆಸಿದ್ದ: ಹೆಂಡತಿ ತುಳಸವ್ವ. ಮಗಳು ಬಾಯಕ್ಕ, ಎರಡು ವರ್ಷ. ಗಂಡುಮಕ್ಕಳ ಜಾಗದಲ್ಲಿ ಅಡ್ಡಗೀಟು. ಇನ್ನುಳಿದ ಸಂಬಂಧಿಕರ ಜಾಗದಲ್ಲಿ ಊರಲ್ಲಿದ್ದ ತಮ್ಮನ ಹೆಸರಿತ್ತು. ಆ ತಮ್ಮ ಯಾರೆಂದು ನೋಡಿದರೆ ಸಾಹುಕಾರರು ಬರೆದುಕೊಟ್ಟಿದ್ದ ವಂಶಾವಳಿಯಲ್ಲಿ ಅವರ ತಂದೆಯ ಅಜ್ಜ! ಅಂದರೆ ಸಿಪಾಯಿ ಇವರಿಗೆ ನೆಟ್ಟಗೆ ಮುತ್ಯಾನೂ ಅಲ್ಲ, ಮುತ್ಯಾನ ಕಾಲದ ಒಬ್ಬ ದೊಡ್ಡಪ್ಪ. ಇಟ್ಟುಕೊಂಡವಳು ಎಂದು ನೂರು ವರ್ಷ ಇವರು ಬಾಯಿಗೆ ಬಂದಂತೆ ಅಂದದ್ದು ಅವನ ಕೈಹಿಡಿದ ಹೆಂಡತಿಯನ್ನು.

ಎರಡು ನಕಲು ಮಾಡಿದೆ. ಒಂದರಲ್ಲಿ ನೌಕರಿಯ ವಿವರ, ಇನ್ನೊಂದರಲ್ಲಿ ಹೆಂಡತಿ ಮಗಳ ಹೆಸರು. ಮನಸ್ಸಿನಲ್ಲಿ ಲೆಕ್ಕ ಸ್ಪಷ್ಟವಿತ್ತು. ಮೊದಲು ಎರಡನೆಯ ಕಾಗದ ತೋರಿಸುವುದು. ಧರ್ಮದ ಹೆಂಡತಿ, ಧರ್ಮದ ಮಗಳು ಎಂದು ಒಪ್ಪಿಸುವುದು. ಹೆಂಡತಿಯನ್ನು ಉಡಿ ತುಂಬಲು ಕಳಿಸುತ್ತೇನೆ ಎಂಬ ಮಾತು ತೆಗೆದುಕೊಳ್ಳುವುದು. ನೌಕರಿಯ ಕಾಗದವನ್ನು ಆಮೇಲೆ, ನಿಧಾನವಾಗಿ, ನೊಂದುಕೊಳ್ಳದ ಹಾಗೆ ಕೊಡುವುದು. ಹೀಗೆ ಲೆಕ್ಕ ಹಾಕಿಕೊಂಡು ಮಲಾಡಿನ ಲೋಕಲ್ ಹತ್ತಿದೆ.

ಸಾಹುಕಾರರು ಜೋಕಾಲಿಯ ಮೇಲೆ ಕೂತಿದ್ದರು. ನಾನು ಕುಳಿತು ಕಾಗದ ತೆಗೆಯುವುದರೊಳಗೆ, "ಸಯನ್‌ಗೆ ಹೋಗಿದ್ರಂತ? ನಮ್ಮ ಮಂದಿ ನೋಡ್ಯಾರ. ಏನ್ ತಿನಿಸಿದಳ್ರಿ ಆ ಲೈನಿನ ಪೈಕಿ ಮುದುಕಿ?" ಎಂದರು. ನಕ್ಕು ತೊಡೆ ತಟ್ಟಿಕೊಂಡರು.

ನನ್ನ ಕೈ ಮೊದಲನೆಯ ಕಾಗದಕ್ಕೇ ಹೋಯಿತು. ಈ ಮನುಷ್ಯನ ಮುಖ ಸೋಲುವುದನ್ನು ನೋಡಬೇಕು ಎಂಬ ಒಂದೇ ಆಸೆ. ಓದಿದೆ. ನಾಯಕ ಎಂದು ಓದಿದೆ, ಐದಡಿ ಮೂರಂಗುಲ ಎಂದು ಓದಿದೆ, ಹೊಟ್ಟೆಯ ರೋಗವನ್ನು ಎರಡು ಸಲ ಓದಿದೆ. ಪಿಂಚಣಿ, ಒಳ್ಳೆಯ ನಡತೆ ಎಲ್ಲವನ್ನೂ ಎಳೆದೆಳೆದು ಓದಿದೆ.

ಜೋಕಾಲಿ ನಿಂತಿತು. "ಅಂದ್ರ... ಗೋರಾಗಳ ಕಡೀನ ಇದ್ನ?"

"ಪೂರಾ ಅವರ ಕಡೀನ."

"ಇದು ಸಂಘದಾಗ ಗೊತ್ತಾದ್ರ ನನ್ನ ಮಾನ ಏನ್ರಿ? ಉಪಾಧ್ಯಕ್ಷ ಕಾಯಾಕತ್ಯಾನ ರೀ ಇಂಥಾದ್ದಕ್ಕ!" ಎಂದು ಎದ್ದು ಎರಡು ಸಲ ಅತ್ತಿಂದಿತ್ತ ಓಡಾಡಿದರು. ಆಮೇಲೆ ತಿರುಗಿ ನಿಂತು ಹೇಳಿದ ಮಾತು ಇದು: "ಅಂವ ನಮ್ಮಾಂವ ಅಲ್ಲ ಬಿಡ್ರಿ. ಆ ಮುದುಕಿ ಅಂತಾಳಲ್ಲ, ಆಕೀದ ಅಂವ. ಆಕೀಗೇ ಕೊಡ್ರಿ."

"ಮತ್ತ ಜಗಲಿ ಮ್ಯಾಲಿನ ಟಾಕು?"

"ಅದು ಖಂಡೋಬಾ ದೇವರು ರೀ. ಕುದರಿ ಮ್ಯಾಲ ಕುಂತಾನಲ್ಲ, ಮತ್ಯಾರ ಆಗ್ತಾನ?"

ನನಗೆ ನಗು ತಡೆಯಲಾಗಲಿಲ್ಲ. ಇಂಥ ಗಳಿಗೆ ಮತ್ತೆ ಬಾರದು ಎಂದು, "ಬರೇ ಬಾಯಿ ಮಾತಾದ್ರ ನಾಳೆ ಉಪಾಧ್ಯಕ್ಷ ನಂಬೂದಿಲ್ರಿ. ಬರದು ಸಹಿ ಹಾಕ್ರಿ," ಎಂದೆ. ಆ ಪುಣ್ಯಾತ್ಮ ಅಂಗಡಿಯ ಕಾಗದದ ಮೇಲೆ, ತನ್ನ ಕೈಯಾರೆ, ಸದರಿ ಸಿಪಾಯಿಗೂ ನಮ್ಮ ಮನೆತನಕ್ಕೂ ಸಂಬಂಧವಿಲ್ಲ, ಸಯನ್‌ನಲ್ಲಿರುವ ಇಂಥವರೇ ಅವನ ವಂಶದವರು, ಅವನ ಮನೆತನವೆಂದರೆ ಅವರದೇ ಎಂದು ಬರೆದು ಸಹಿ ಮಾಡಿ, ಸಂಘದ ಸಿಕ್ಕಾ ಒತ್ತಿದ. ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದರು. ನನ್ನತ್ತ ನೋಡಿ ಒಳಗೆ ಹೋದರು. ನಾನು ಗೆದ್ದ ಗತ್ತಿನಲ್ಲಿದ್ದೆ, ಆ ನೋಟಕ್ಕೆ ಗಮನ ಕೊಡಲಿಲ್ಲ.

ಮಲಾಡಿನಿಂದ ನೆಟ್ಟಗೆ ಸಯನ್‌ಗೆ. ಅಜ್ಜಿಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ತುಳಸವ್ವ, ಬಾಯಕ್ಕ ಎಂಬ ಹೆಸರುಗಳನ್ನು ಅಜ್ಜಿ ಮೂರು ಸಲ ಓದಿಸಿದರು.

"ಅಂವ ಬಾಯಿಲೇ ಹೇಳಿದ್ನ, ಹೆಂಡತಿ ಅಂತ?"

"ಹೌದ್ರಿ. ಹೇಳದ ಬರಕೋತಿದ್ದಿಲ್ಲ."

ಕಣ್ಣೊರೆಸಿಕೊಂಡರು. ಆಗ ನಾನು ಸಾಹುಕಾರರ ಕಾಗದವನ್ನು, ಕುಸ್ತಿ ಗೆದ್ದವನ ಹಾಗೆ, ತೆಗೆದು ಓದಿದೆ. ಅಜ್ಜಿ ಕೊನೆಯವರೆಗೆ ಕೇಳಿದರು. ಅವರ ಮುಖ ಕಪ್ಪಿಟ್ಟಿತು.

"ಸಂಬಂಧ ಇಲ್ಲ ಅಂತ ಬರಸಕೊಂಡ ಬಂದ್ಯಾ?"

"ಅಂವಗ ತಕ್ಕ ಶಾಸ್ತಿ ಆತಲ್ರಿ ಅಜ್ಜಿ."

"ಅಂವಗ ಶಾಸ್ತಿ ಮಾಡು ಅಂತ ನಿನಗ ಯಾರ್ ಹೇಳಿದ್ರು? ನಾ ಕೇಳಿದ್ದೇನು, ನೀ ತಂದಿದ್ದೇನು? ಇಷ್ಟ ದಿನ ಆ ಮನಿಗೆ ನಾವು ಬ್ಯಾಡಾಗಿದ್ವಿ. ಇವತ್ತ ಅಜ್ಜನೂ ಬ್ಯಾಡಾದ. ಇನ್ನ ಆ ಮನಿಯಿಂದ ಯಾರ್ ಬರಬೇಕಪಾ? ಕಾಗದದ್ಲೆ ಉಡಿ ತುಂಬತಾರೇನು?"

ಓದುಬರಹ ಬಲ್ಲೆ ಎಂಬ ಸೊಕ್ಕಿನಿಂದ ಬಟ್ಟೆ ವ್ಯಾಪಾರಿಯನ್ನು ಕೀಳಾಗಿ ಕಂಡ ನಾನು, ಅವನಿಗಿಂತ ಯಾವ ಬಗೆಯಲ್ಲಿ ಮೇಲು? ಅವನಿಗೆ ತನ್ನ ಮೆರೆತ ಬೇಕಿತ್ತು. ನನಗೂ ಅಷ್ಟೇ.

ಮರುದಿನ ದಫ್ತರಕ್ಕೆ ರಜೆ ಹಾಕಿ ಮಲಾಡಿಗೆ ಓಡಿದೆ. ಸಾಹುಕಾರರು ಅಂಗಡಿಗೆ ಹೋಗಿದ್ದರು. ಅವರ ಹೆಂಡತಿ ಬಾಗಿಲ ಹಿಂದೆ ನಿಂತೇ ಮಾತನಾಡಿದರು. ಉಡಿಯ ಮಾತು ತೆಗೆದೆ.

"ಗೊತ್ತೈತ್ರಿ. ಸಂಘದ ಹೆಣಮಕ್ಕಳು ಹೇಳಿದ್ರು. ನಮ್ಮ ಮನಿಯಾವರಿಗೆ ಗೊತ್ತಾಗದಂಗ ನಾ ಬರಾಕ ತಯಾರ ಇದ್ನಿ. ಖಣಾನೂ ತಗದಿಟ್ಟಿದ್ನಿ. ನೀವು ಅವರ ಕೈಲೇ ಬರಸಕೊಂಡ್ರಿ. ಗಂಡ ಸಂಬಂಧ ಇಲ್ಲ ಅಂತ ಸಿಕ್ಕಾ ಒತ್ತಿದ ಮ್ಯಾಲ ನಾ ಯಾವ ಮಾರೀಲೆ ಬರ್ಲಿ?"

ಬಾಗಿಲು ಮುಚ್ಚಿತು. ಚಹಾಕ್ಕೂ ಕರೆಯಲಿಲ್ಲ, ಅದು ಸರಿಯೇ.

ಮದುವೆಗೆ ಕರೆಯುವುದಿಲ್ಲ ಎಂದುಕೊಂಡಿದ್ದೆ. ಆದರೆ ಹುಡುಗಿ ವಡಾಲದಲ್ಲಿದ್ದ ನಮ್ಮ ಮನೆ ಹುಡುಕಿಕೊಂಡು ಬಂದು, "ಆಜಿ ಬೋಲಿ, ಕಾಗದ ತೊಗೊಂಡು ಬರಬೇಕಂತೆ," ಎಂದು ಅಕ್ಷತೆ ಕೊಟ್ಟು ಹೋದಳು. ಅಜ್ಜಿ ಅಂದು ಸಾಹುಕಾರರ ಕಾಗದವನ್ನು ನನ್ನತ್ತ ನೂಕಿದ್ದರು, ಅದು ನನ್ನಲ್ಲೇ ಇತ್ತು. ಬೈಯಲಿಕ್ಕೇ ಕರೆದಿದ್ದಾರೆ, ಬೈಸಿಕೊಂಡು ಬರೋಣ ಎಂದು ಹೆಂಡತಿಯೊಡನೆ ಹೋದೆ.

ಚಾಳಿನ ಉದ್ದ ಪಡಸಾಲೆಯಲ್ಲೇ ಚಪ್ಪರ. ಹುಡುಗಿಯನ್ನು ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದ್ದರು. ಮೊರದಲ್ಲಿ ಅಕ್ಕಿ, ಕಾಯಿ, ಅರಿಷಿಣದ ಕೊಂಬು, ಖಣ ಎಲ್ಲ ಸಿದ್ಧವಿದ್ದವು. ತುಂಬುವವರು ಇರಲಿಲ್ಲ. ಗಂಡಿನ ಕಡೆಯ ಒಬ್ಬ ಹೆಂಗಸು, "ತವರಿನಾವರು ಯಾರೂ ಇಲ್ಲೇನ? ವ್ಯಾಳ್ಯಾ ಆತು," ಎಂದಳು.

ಅಜ್ಜಿ ಮೂಲೆಯಲ್ಲಿ ಕೂತಿದ್ದರು. ವಿಧವೆ ಕೂರಬೇಕಾದ ಮೂಲೆ ಅದು. ಅಲ್ಲಿಂದಲೇ ನನ್ನನ್ನು ಕರೆದರು. "ಓದಪಾ ಅದನ್ನ. ಎಲ್ಲಾರಿಗೂ ಕೇಳೂವಂಗ."

ಓದಿದೆ. ಆ ಸಿಪಾಯಿಯ ಮನೆತನವೆಂದರೆ ಸಯನ್‌ನಲ್ಲಿರುವ ಇವರದೇ ಎಂಬಲ್ಲಿಗೆ ಬಂದಾಗ ಅಜ್ಜಿ ಕೈಯೆತ್ತಿ ನಿಲ್ಲಿಸಿದರು.

"ಕೇಳಿದ್ರಿಲ್ಲ? ಆ ಮನಿ ಅಂದ್ರ ನಾನ ಅಂತ ಅಂವ ಸಿಕ್ಕಾ ಒತ್ಯಾನ. ಇನ್ನ ತವರಿನಾವರು ಅಂತ ಯಾರ್ನ ಕಾಯೂದು?" ಎಂದು ಗೋಡೆ ಹಿಡಿದು ಎದ್ದರು.

"ಅಜ್ಜೀ, ನೀವು ಮುಟ್ಟಬಾರದ್ರಿ, ಶುಭ ಕಾರ್ಯ..." ಎಂದು ಯಾರೋ ಅಡ್ಡ ಬಂದರು.

"ಅತ್ಲಾಗ ಸರಿಯವ್ವಾ. ತುಳಸವ್ವನ ಮನಿಯಿಂದ ಬಂದೀನಿ ನಾ."

ಇನ್ನೊಬ್ಬರು ಬಾಯಿ ತೆರೆಯುವುದರೊಳಗೆ ನನ್ನ ಹೆಂಡತಿ ಅಕ್ಕಿಯ ಮೊರವನ್ನು ಎತ್ತಿ ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ಎರಡೂ ಕೈ ಜೋಡಿಸಿ ಮೊದಲನೆಯ ಬೊಗಸೆ ತುಂಬಿಕೊಂಡರು. ಹುಡುಗಿ ಮಣೆಯ ಮೇಲೆ ಕೂತಲ್ಲೇ ಸೆರಗು ಒಡ್ಡಿದಳು.